ಹಲ್ಲು ಕೀಳಿಸುವ ಮುನ್ನಾದಿನ

ಮುಳ್ಳು ಅಲುಗಲಿಲ್ಲ.

ಡೆಕ್ಕಿನ ಮೇಲೆ ಧ್ವನಿ ತೋರಿಸುವ ಗಾಜಿನ ಹಿಂದಿನ ಆ ಕಪ್ಪು ಕಡ್ಡಿ, ಹೋಳಿಗೆ ಊಟ ಮುಗಿಸಿ ಗೋಡೆಗೆ ಒರಗಿದ ಬೀಗರ ಹಾಗೆ ಎಡಗಡೆಯ ಮೂಲೆ ಹಿಡಿದು ಮಲಗಿತ್ತು. ನೀಲಾಂಬಿಕಾ ಮೈಕಿನ ಮೂತಿಯನ್ನು ಬೆರಳಿನಿಂದ ಕುಟ್ಟಿದಳು. ಊದಿದಳು. “ಹಲೋ, ಹಲೋ” ಎಂದಳು. ಕಡ್ಡಿಗೆ ಅದರ ಪರಿವೆಯೇ ಇರಲಿಲ್ಲ.

“ಯಾರನ್ನ ಕರಿಯಾಕತ್ತಿ?” ಎದುರಿಗೆ ಕಂಬಳಿಯ ಮೇಲೆ ಕುಳಿತಿದ್ದ ಅಜ್ಜಿ ಶಿವಬಸವ್ವ ಕೇಳಿದಳು.

“ಯಾರನ್ನೂ ಇಲ್ಲ ಆಯಿ. ನೀ ಸುಮ್ಕ ಕುಂದರು.”

“ಸುಮ್ಕ ಕುಂದ್ರಾಕ ಇಷ್ಟೆಲ್ಲಾ ಸಾಮಾನ ಬೇಕಾಗಿತ್ತೇನ?”

ಸಾಮಾನು ಖರೇನೇ ಬಹಳವಿತ್ತು. ಖಾನಾಪುರದ ಆ ಹಳೇ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಂಡಿಗಳು ತುಂಬಿದ ತಗಡಿನ ಮಿಕ್ಸರ್ ಒಂದು, ಕ್ಯಾಸೆಟ್ ತುಂಬುವ ಡೆಕ್ಕು ಒಂದು, ಕಿವಿಗೆ ಕಟ್ಟಿಕೊಳ್ಳುವ ಹೆಡ್‌ಫೋನು, ಹಾವಿನ ಮರಿಗಳಂತೆ ಒಂದರೊಳಗೊಂದು ಸಿಕ್ಕಿಕೊಂಡ ವೈರುಗಳು. ಬೆಳಗಾವಿಯಿಂದ ಬೆಳಗಿನ ಬಸ್ಸಿನಲ್ಲಿ ಇವನ್ನೆಲ್ಲ ಹಾಸಿಗೆಯ ಚಾದರದಲ್ಲಿ ಗಂಟು ಕಟ್ಟಿ, ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಮೈಕು ನಿಲ್ಲಿಸುವ ಕಂಬ ಮಾತ್ರ ಬಸ್ಸಿನಲ್ಲಿ ಹಿಡಿಸುವಂತಿರಲಿಲ್ಲ. ಅದಕ್ಕೆಂದು ಬೀಸುಕಲ್ಲನ್ನು ಅಡುಗೆಮನೆಯಿಂದ ಉರುಳಿಸಿ ತಂದು, ಅದರ ಗೂಟಕ್ಕೆ ಮೈಕನ್ನು ಹಳೇ ಸೀರೆಯ ಅಂಚಿನಿಂದ ಬಿಗಿದಿದ್ದಳು. ಕಾಕಿ ಪದ್ಮವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿ, “ಮಿಕ್ಸರ್ ತರ್ತೀನಂದಿ ಅಂತ ನಾನು ಕೊಬ್ಬರಿ ಹೆರದಿಟ್ಟಿದ್ದೆ. ಇದರಾಗ ಚಟ್ನಿ ಹಾಕೂದೆಲ್ಲಿ?” ಎಂದು ಕೇಳಿ ಒಳಗೆ ಹೋಗಿದ್ದಳು.

ನಾಳೆ ಬೆಳಿಗ್ಗೆ ಬೆಳಗಾವಿಯ ದಂತವೈದ್ಯರು ಶಿವಬಸವ್ವನ ಬಾಯಲ್ಲಿ ಉಳಿದ ಹಲ್ಲುಗಳನ್ನೆಲ್ಲ ಕೀಳುವವರಿದ್ದರು. ಒಸಡು ಬಾತು, ಕೀವು ತುಂಬಿ, ವರ್ಷದಿಂದ ಅಜ್ಜಿ ಅಂಬಲಿಯ ಮೇಲೆ ಬದುಕಿದ್ದಳು. ಕೀಳಿಸುವುದು ಬೇಡವೆನ್ನಲು ನೀಲಾಳಿಗೆ ಬಾಯಿಯೇ ಇರಲಿಲ್ಲ. ಆದರೆ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿಯಿತ್ತು. ಆ ಸಂದಿಯಲ್ಲಿ ಒಂದು ಹಕ್ಕಿ ಇತ್ತು.

ಹೊಳೆಯ ತಳದ ಮನೆಗೆ ಸೊಸೆಯಾಗಿ ಹೋದ ಹುಡುಗಿಯ ಕಥೆ ಅದು. ಅತ್ತೆ ಮುದಿ ಆಮೆ. ನೀರೊಳಗೆ ಒಲೆ ಹೊತ್ತಿಸು ಎನ್ನುತ್ತಾಳೆ, ತೊಯ್ದ ಹಿಟ್ಟಿನಲ್ಲಿ ಬಿಳಿ ಜೋಳದ ರೊಟ್ಟಿ ಬಡಿ ಎನ್ನುತ್ತಾಳೆ. ಹುಡುಗಿ ಅಳುವಾಗಲೆಲ್ಲ ಅವಳ ತಮ್ಮ ಗೌಜಲಹಕ್ಕಿಯಾಗಿ ದಂಡೆಗೆ ಬಂದು ಸಿಳ್ಳು ಹೊಡೆಯುತ್ತಾನೆ. ಆ ಸಿಳ್ಳನ್ನು ಅಜ್ಜಿ ಬೆರಳು ಹಚ್ಚದೆ, ತುಟಿ ಕೂಡಿಸದೆ, ಹಲ್ಲುಸಂದಿಯಿಂದ ಹೊರಡಿಸುತ್ತಿದ್ದಳು. ತೆಳ್ಳಗೆ ಎದ್ದು, ಮೇಲಕ್ಕೇರಿ, ತುದಿಯಲ್ಲಿ ಬಾಗಿ ಬೀಳುವ ಸಿಳ್ಳು. ಸಣ್ಣವಳಿದ್ದಾಗ ನೀಲಾ ಅದನ್ನು ಕೇಳಿ, ಮಲಪ್ರಭೆಯ ದಂಡೆಯ ಮೇಲೆ ಯಾವ ಹಕ್ಕಿ ಕೂಗಿದರೂ ನೀರಿನೊಳಗೆ ಬಗ್ಗಿ ನೋಡುತ್ತಿದ್ದಳು. ಈಗ ಬೆಳಗಾವಿಯ ಹಿಂದವಾಡಿಯಲ್ಲಿದ್ದು ಟೈಪಿಸ್ಟ್ ನೌಕರಿ ಮಾಡುವ ವಯಸ್ಸಿನಲ್ಲೂ ಹಾಗೇ ನೋಡುತ್ತಿದ್ದಳು. ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೇ. ಹೊಸ ಹಲ್ಲಿನ ಸೆಟ್ಟು ಬರಬಹುದು. ಆದರೆ ಅದರಲ್ಲಿ ಸಂದಿ ಬಿಡಿರಿ ಎಂದು ಯಾವ ಡಾಕ್ಟರಿಗೆ ಹೇಳುವುದು?

ಸಾಮಾನು ಬಾಜೂಮನೆಯ ಮಧುಕರ ಮಾಮಾನದು. ಹಿಂದವಾಡಿಯ ಗೆಳೆಯರನ್ನು ಕೂಡಿಸಿಕೊಂಡು ಆರ್ಕೆಸ್ಟ್ರಾ ನಡೆಸುವ ಮನುಷ್ಯ. ಕೊಡುವಾಗ ಅವನ ಮುಖ ಮಗಳನ್ನು ದೂರದೂರಿಗೆ ಕೊಡುವವನ ಹಾಗಾಗಿತ್ತು. “ನೋಡ ನೀಲಾ, ಸಂಜೀಕ ರಿಹರ್ಸಲ್ ಅದ. ಕಡೀ ಬಸ್ಸಿನೊಳಗ ಬಂದ್ರ ನಡ್ಯೂದಿಲ್ಲ, ಅದರ ಮೊದಲಿನ ಬಸ್ಸಿಗೇ ಬರಬೇಕು. ಮತ್ತ ಒಂದು ಮಾತು, ಅಜ್ಜಿ ಧ್ವನಿ ಒಂದು ಬಿಟ್ಟು ಬ್ಯಾರೆ ಯಾರದೂ ಬೀಳಬಾರದು. ಕೆಮ್ಮು, ಬಳಿ ಸಪ್ಪಳ, ಏನೂ. ರೆಕಾರ್ಡಿಂಗ್ ಅಂದ್ರ ದೇವರ ಮನಿ ಇದ್ದಂಗ, ತಿಳೀತಲ್ಲ?” ಒಂದೇ ಒಂದು ಹೊಸ ಕ್ಯಾಸೆಟ್ಟನ್ನೂ ಕೊಟ್ಟಿದ್ದ.

ವೈರು ಜೋಡಿಸುವುದನ್ನೂ ಅವನೇ ಕಲಿಸಿದ್ದ. ನೀಲಾ ಅದನ್ನು ತನಗೆ ನೆನಪಿರುವ ಹಾಗೆ ಕಥೆ ಮಾಡಿಕೊಂಡಿದ್ದಳು. ಮಿಕ್ಸರ್ ತವರುಮನೆ. ಡೆಕ್ಕು ಗಂಡನ ಮನೆ. ಕೆಂಪು ತಲೆಯ ವೈರು ಮದುಮಗಳು. ಇಲ್ಲಿಯವರೆಗೆ ಸರಿಯಾಗಿತ್ತು. ಆದರೆ ಮದುಮಗಳು ಯಾವ ಬಾಗಿಲಿನಿಂದ ಒಳಗೆ ಹೋಗಬೇಕೆಂದು ಮಧುಕರ ಹೇಳುವ ಹೊತ್ತಿಗೆ ನೀಲಾಳ ಮನಸ್ಸು ದಿಬ್ಬಣದ ಹಿಂದೆ ಹೊರಟುಹೋಗಿತ್ತು. ಇವಳು ಉಟ್ಟದ್ದು ಇಳಕಲ್ಲೋ, ಕಳಿಸುವಾಗ ಅಪ್ಪ ಅತ್ತನೋ ಇಲ್ಲವೋ, ಗಾಡಿಯಲ್ಲಿ ಪಕ್ಕಕ್ಕೆ ಕೂತವರು ಯಾರು. ಈಗ ಡೆಕ್ಕಿನ ಬೆನ್ನಿಗೆ ಒಂದೇ ಥರದ ತೂತುಗಳಿದ್ದವು. ಅವುಗಳ ಮೇಲಿನ ಅಕ್ಷರಗಳು ಎಂದೋ ಅಳಿಸಿಹೋಗಿದ್ದವು.

“ನಿನ್ನ ತಲೀಗೆ ಬೆಂಕಿ ಹಚ್ಚ!” ಎಂದು ಅವಳು ತನಗೇ ಬೈದುಕೊಂಡಳು.

“ಏನಾತ?”

“ಮದುಮಗಳು ಯಾವ ಬಾಗಲಿಂದ ಒಳಗ ಹೋಗಬೇಕು ಅನ್ನೂದು ಮರತೀನಿ ಆಯಿ.”

ಕಣ್ಣಿಗೆ ಪೊರೆ ಬಂದಿದ್ದರೂ ಶಿವಬಸವ್ವ ಕಥೆಯ ಮಾತೆಂದರೆ ತಡವರಿಸುವವಳಲ್ಲ. ಯಾರ ಮದುವೆ ಎಂದೂ ಕೇಳಲಿಲ್ಲ. “ಈಗ ಎಲ್ಲಿಂದ ಹೊಗಿಸೀದಿ?”

“ಬಲಗಡೀದರಿಂದ.”

“ಒಳಗಿನವ್ರು ಬಾ ಅಂದ್ರೇನ?”

“ಇಲ್ಲ.”

“ಅಂದ್ರ ನೀ ಹಿತ್ತಲಾಗ ನಿಲ್ಲಿಸೀದಿ ಅದನ್ನ. ಸೇರಕ್ಕಿ ಒದಿಯೂದು ಮುಂಚಿ ಬಾಗಲದಾಗ. ಬಾಜೂಕ ಒಯ್ಯಿ.”

ನೀಲಾ ಎಡಗಡೆಯ ತೂತಿಗೆ ಚುಚ್ಚಿದಳು. ಮುಳ್ಳು ಧಡಕ್ಕನೆ ಎದ್ದಿತು. ಅವಳೂ ಎದ್ದುಬಿಟ್ಟಳು. “ಬಂತು ಆಯಿ! ಬಂತು!” ಎಂಬುದಕ್ಕೂ ಮುಳ್ಳು ಕುಣಿಯಿತು. ಅವಳು ಸುಮ್ಮನಾದ ಮೇಲೂ ಅದು ಪೂರಾ ಮಲಗಲಿಲ್ಲ. ನಡುವೆಯೇ ನಿಂತು ನಡುಗತೊಡಗಿತು.

ಹೆಡ್‌ಫೋನು ಕಿವಿಗಿಟ್ಟರೆ ಕಣಜದ ಗೂಡಿಗೆ ತಲೆ ತೂರಿಸಿದ ಹಾಗಿತ್ತು. ಗುಂಯ್ ಎಂದು ಒಂದೇ ಸಮನೆ ಮೊರೆತ. ಮಿಕ್ಸರಿನ ಪ್ಲಗ್ಗಿಗೆ ಮೂರು ಕಾಲು, ಈ ಮನೆಯ ಗೋಡೆಗೆ ಎರಡೇ ತೂತು. ಪ್ಲಗ್ಗು ಬಿಚ್ಚಿ ತೆಗೆದು, ವೈರಿನ ತುದಿ ಸುಲಿದು, ಎರಡನ್ನು ತೂತಿಗೆ ತುರುಕಿ ಬೆಂಕಿಕಡ್ಡಿಯಿಂದ ಬಿಗಿದಿದ್ದಳು. ಅರ್ಥಿಂಗಿನ ಮೂರನೆಯದು ಅನಾಥವಾಗಿ ಜೋತಾಡುತ್ತಿತ್ತು. ಗುಂಡಿಗಳನ್ನು ತಿರುವಿದಳು. ಬಂದ್ ಮಾಡಿ ಮತ್ತೆ ಹಚ್ಚಿದಳು. ಮೊರೆತ ಹೋಗಲಿಲ್ಲ. ಹೊರಗೆ ಬಿಸಿಲು ಏರುತ್ತಿತ್ತು. ಕಾಕಿ ಊಟಕ್ಕೆ ಕರೆದು ಹೋದಳು. ಕಣ್ಣಲ್ಲಿ ನೀರು ಬಂದು, ನೀಲಾ ಸಿಟ್ಟಿನಿಂದ ಮಿಕ್ಸರಿನ ತಗಡಿನ ಮೈಗೆ ಅಂಗೈಯಿಂದ ಒಂದು ಏಟು ಹಾಕಿದಳು.

ಕೈ ತಗಡಿಗೆ ಹತ್ತಿದ್ದೇ ತಡ, ಮೊರೆತ ಹೋಯಿತು.

ಕೈ ತೆಗೆದಳು. ಗುಂಯ್. ಇಟ್ಟಳು. ಇಲ್ಲ. ಬೆರಳ ತುದಿಗೆ ಇರುವೆ ಹರಿದಂತೆ ಜುಮುಜುಮು ಎನ್ನುತ್ತಿತ್ತು, ಆದರೆ ಕಿವಿಯಲ್ಲಿ ಮಾತ್ರ ಶಾಂತ, ತಿಳಿ ನೀರು.

“ಕೂಸಿನ ಗತಿ ಐತಿ. ಮೈಮ್ಯಾಲೆ ಕೈ ಇಟ್ರನ ಸುಮ್ಕಾಗತೈತಿ,” ಎಂದಳು ಅವಳು.

“ಹಂಗಾರ ಇಟ್ಟೇ ಇರು,” ಎಂದಳು ಅಜ್ಜಿ. “ಶುರು ಮಾಡ್ಲೇನು?”

“ಮಾಡು. ಯಾರೂ ಮಾತಾಡಬ್ಯಾಡ್ರಿ. ಕಾಕಿ, ಬಾಂಡೆ ತಿಕ್ಕೂದು ನಿಂದರಸು.” ಎಡಗೈ ಮಿಕ್ಸರಿನ ಮೇಲೆ, ಬಲಗೈ ಡೆಕ್ಕಿನ ಗುಂಡಿಯ ಮೇಲೆ. ಕ್ಯಾಸೆಟ್ಟು ತಿರುಗತೊಡಗಿತು.

ಅಜ್ಜಿ ಗಂಟಲು ಸರಿಮಾಡಿಕೊಂಡಳು. “ಒಂದೂರಾಗ ಒಬ್ಬ ನಾವಿನ ಅಂಬಿಗ ಇದ್ದ. ಅವಗ ಒಬ್ಬಾಕಿ ಮಗಳು.” ನಿಂತಳು. ಕಾದಳು. “ಒಬ್ಬಾಕಿ ಮಗಳು,” ಎಂದು ಮತ್ತೆ ಹೇಳಿದಳು. ಮತ್ತೆ ಕಾದಳು. “ಏ ಖೋಡಿ, ನಿದ್ದಿ ಹತ್ತೇನ?”

ನೀಲಾ ಗುಂಡಿ ಒತ್ತಿ ನಿಲ್ಲಿಸಿದಳು. “ಯಾಕ ನಿಂತಿ ಆಯಿ?”

“ನೀ ಹೂಂ ಅನ್ನವಲ್ಲಿ.”

ನೀಲಾಳಿಗೆ ಇಷ್ಟು ದಿನದ ತಯಾರಿಯಲ್ಲಿ ಇದೊಂದು ಹೊಳೆದಿರಲಿಲ್ಲ. ಹೂಂಗುಟ್ಟದೆ ಈ ಮನೆಯಲ್ಲಿ ಯಾವ ಕಥೆಯೂ ಮುಂದೆ ಹೋದದ್ದಿಲ್ಲ. ಹೂಂ ನಿಂತಲ್ಲಿ ಕಥೆಯೊಳಗಿನ ಮಂದಿಯೂ ನಿಂತುಬಿಡುತ್ತಾರೆ ಎಂದು ಅಜ್ಜಿಯ ನಂಬಿಕೆ. ಎತ್ತಿದ ಕಾಲು ಎತ್ತಿದಂತೆ, ಬಾಯಿಗೆ ಒಯ್ದ ತುತ್ತು ಒಯ್ದಂತೆ. ಹಾಗೆ ಅವರನ್ನು ನಿಲ್ಲಿಸುವುದು ಪಾಪ.

“ನಾನು ತಲಿ ಅಲ್ಲಾಡಸ್ತೀನಿ ಆಯಿ. ನೀ ನೋಡು.”

“ನನ್ನ ಕಣ್ಣಿಗೆ ನಿನ್ನ ತಲೀನ ಕಾಣೂದಿಲ್ಲ, ಅಲ್ಲಾಡೂದೆಲ್ಲಿಂದ ಕಾಣಬೇಕ?”

“ಮನಸಿನ್ಯಾಗ ಅಂತೀನಿ.”

“ಮನಸಿನ್ಯಾಗ ಉಂಡ್ರ ಹೊಟ್ಟಿ ತುಂಬತೈತೇನ?”

ಆಗ ನೀಲಾ ದಾರದುಂಡೆ ತಂದು ಅಜ್ಜಿಯ ಕಾಲಿನ ಹೆಬ್ಬೆರಳಿಗೆ ಒಂದೆಳೆ ಕಟ್ಟಿದಳು. ಇನ್ನೊಂದು ತುದಿ ತನ್ನ ಬಾಯಲ್ಲಿ, ಕೈ ಎರಡೂ ಖಾಲಿ ಇಲ್ಲದ್ದರಿಂದ. ಒಮ್ಮೆ ಜಗ್ಗಿದರೆ ಹೂಂ ಎಂದು ತಿಳಿಯಬೇಕು. ಅಂಬಿಗನ ಮಗಳು ನೀರಿಗೆ ಇಳಿಯುವವರೆಗೆ ನಡೆಯಿತು. ಅಲ್ಲಿ ಅಜ್ಜಿಗೆ ನಗು ತಡೆಯಲಾಗಲಿಲ್ಲ.

“ಕಚಗುಳಿ ಆಗತೈತಿ! ಬಿಚ್ಚ ಇದನ್ನ. ಕಾಲಿಗೆ ಹಗ್ಗ ಹಾಕಿ ಹಿಂಡಾಕ ನಾನೇನ ಒದಿಯೂ ಎಮ್ಮೇನ?”

ಅಡುಗೆಮನೆಯಿಂದ ಕಾಕಿಯ ನಗೆಯೂ ಕೇಳಿತು. ಅಷ್ಟೂ ಕ್ಯಾಸೆಟ್ಟಿಗೆ ಬಿತ್ತು. ನೀಲಾ ಹಿಂದಕ್ಕೆ ಸುತ್ತಿದಳು. ಮತ್ತೆ ಶುರು. ಈ ಸಲ ಆಮೆ ಅತ್ತೆ ಬಾಯಿ ತೆರೆಯುವ ಹೊತ್ತಿಗೆ ಹಿಂದಿನ ಓಣಿಯ ಕರೆಪ್ಪ ತನ್ನ ಹಿಟ್ಟಿನ ಗಿರಣಿ ಹಚ್ಚಿದ. ಬಲ್ಬು ಕೆಂಪಾಯಿತು. ಡೆಕ್ಕಿನ ಚಕ್ರ ಜ್ವರ ಬಂದವರ ಹಾಗೆ ನಿಧಾನವಾಯಿತು. ನೀಲಾ ಬರಿಗಾಲಲ್ಲಿ ಹಿತ್ತಿಲಿಗೆ ಓಡಿದಳು.

“ಕರೆಪ್ಪಣ್ಣಾ, ಒಂದ್ ತಾಸು ನಿಂದರಸೂ!”

“ಇಡೀ ಓಣಿ ಡಬ್ಬಿ ಹಿಡಕೊಂಡು ನಿಂತೈತಿ ತಂಗಿ. ಆಯಿ ಕಥಿ ಮ್ಯಾಲ ರೊಟ್ಟಿ ಬಡಿತಾರೇನ ಇವ್ರು?” ಎಂದ ಅವನು. ಆದರೂ ಮನುಷ್ಯ ಒಳ್ಳೆಯವನು. ಕೈಯಲ್ಲಿದ್ದ ಜೋಳ ಮುಗಿಸಿ ನಿಲ್ಲಿಸುತ್ತೇನೆಂದ.

ತಿರುಗಿ ಬಂದರೆ ಅಜ್ಜಿ ಸೆರಗು ಹೊದ್ದು ಗೋಡೆಯ ಕಡೆಗೆ ತಿರುಗಿ ಮಲಗಿದ್ದಳು.

“ಏಳ ಆಯಿ. ಹೊತ್ತಾಗತೈತಿ.”

“ನಾ ಒಲ್ಲೆ. ಹೂಂ ಅನ್ನವ್ರಿಲ್ಲದ ಮನ್ಯಾಗ ನಾ ಹೇಳೂದಿಲ್ಲ. ನಾಯಿಗೆ ಹೇಳಿದ್ರ ಅದರ ಬಾಲರ ಅಲ್ಲಾಡಸ್ತೈತಿ.”

“ನಾಳೆ ಹಲ್ಲು ಹೋಗ್ತಾವ! ನಿನಗ ಅದರ ಖಬರರ ಐತೇನ?” ನೀಲಾಳ ದನಿ ಅವಳಿಗೇ ಗೊತ್ತಿಲ್ಲದ ಎತ್ತರಕ್ಕೆ ಹೋಯಿತು. “ಆ ಹಕ್ಕಿ ಹೋಗತೈತಿ. ಮಧುಕರ ಮಾಮಾನ ಕಾಲು ಬಿದ್ದು ತಂದೀನಿ ಇದನ್ನೆಲ್ಲಾ. ಬಸ್ಸಿನ್ಯಾಗ ಎಲ್ಲಾರ ಕಡೆ ಬೈಸಿಕೊಂಡೀನಿ. ಒಂದು ತಾಸು, ಒಂದೇ ತಾಸು ನೀ ನನ್ನ ಸಂಗಾಟ ಒಂದು ಹೂಂ ಇಲ್ಲದ ಕುಂದ್ರಾಕ ಆಗವಲ್ದ ನಿನಗ!”

ಹೊರಗೆ ಗಿರಣಿ ಅದೇ ಹೊತ್ತಿಗೆ ನಿಂತಿತು. ಅಜ್ಜಿ ಮೆಲ್ಲಗೆ ಎದ್ದು ಕುಳಿತಳು. ಸಿಟ್ಟಿನಿಂದಲ್ಲ, ಅಚ್ಚರಿಯಿಂದ.

“ಹಕ್ಕಿ ಸಲುವಾಗೇನ ಇಷ್ಟೆಲ್ಲಾ?”

“ಹೂಂ.”

“ಈಗ ಬಂತಲ್ಲ ಬಾಯಾಗ,” ಎಂದಳು ಶಿವಬಸವ್ವ. “ಹಚ್ಚು ನಿನ್ನ ಡಬ್ಬಿ.”

ನೀಲಾ ಸೋತಳು. ಮಿಕ್ಸರಿನ ಮೇಲೆ ಕೈಯಿಟ್ಟು, ಡೆಕ್ಕು ಹಚ್ಚಿ, ಹೂಂ ಎಂದಳು. ಮೊದಮೊದಲು ತುಟಿ ತೆರೆಯದೆ, ಕದ್ದವಳಂತೆ. ಪ್ರತಿ ಹೂಂಗೂ ಮುಳ್ಳು ಜಿಗಿಯುವುದನ್ನು ಕಂಡು ಮಧುಕರನ ಮುಖ ನೆನಪಾಗುತ್ತಿತ್ತು. ಅಂಬಿಗನ ಮಗಳು ನೀರಿನ ಮೆಟ್ಟಿಲು ಇಳಿದಳು. ಹೂಂ. ತಳದಲ್ಲಿ ಬೆಣಚುಕಲ್ಲಿನ ಹೊಸ್ತಿಲು. ಹೂಂ. ಆಮೆ ಅತ್ತೆ ಒಲೆ ತೋರಿಸಿದಳು, ಒಲೆಯೊಳಗೆ ಮೀನು ಸಂಸಾರ ಹೂಡಿತ್ತು. ಹೂಂ, ಆಮ್ಯಾಲ? ಕ್ಯಾಸೆಟ್ಟಿನ ಒಂದು ಮೈ ಮುಗಿಯಿತು. “ತಡಿ ಆಯಿ, ಹೊಳ್ಳಿಸಿ ಹಾಕ್ತೀನಿ” ಎಂದರೆ ಅಜ್ಜಿ ಎತ್ತಿದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ಕಾದಳು, ಕೈ ಇಳಿಸಿದರೆ ಸೊಸೆಯ ತಲೆಯ ಮೇಲಿನ ಕೊಡ ಬಿದ್ದೀತು ಎಂಬಂತೆ.

ಹಕ್ಕಿ ಬಂತು. ನೀಲಾ ಧ್ವನಿಯ ಗುಂಡಿಯನ್ನು ಇಳಿಸುವುದರೊಳಗೆ ಸಿಳ್ಳು ಹೊರಟೇಬಿಟ್ಟಿತು. ಮುಳ್ಳು ಕೆಂಪು ಗೆರೆಗೆ ಬಡಿದು ಅಲ್ಲೇ ಅಂಟಿ ನಿಂತಿತು, ಕಿವಿಯಲ್ಲಿ ಸಿಳ್ಳು ಒಡೆದು ಕೇಳಿತು. ಎರಡನೆಯ ಸಲ ಅವಳು ಕಾದು, ಗುಂಡಿ ಇಳಿಸಿ ಹಿಡಿದಳು. ತೆಳ್ಳಗೆ, ಏರಿ, ಬಾಗಿ. ಮುಳ್ಳೂ ಅದರ ಜೊತೆಗೇ ಏರಿ ಬಾಗಿತು. ಸಿಕ್ಕಿತು ಎಂದುಕೊಂಡಳು. ಅವಳ ಕಣ್ಣು ಮುಳ್ಳಿನಿಂದ ಜಾರಿ ಅಜ್ಜಿಯ ಬಾಯಿಗೆ ಹೋಯಿತು. ಅಲ್ಲಿಂದ ಹೊಳೆಯ ತಳಕ್ಕೆ. ಯಾವಾಗ ಕೈ ಮಿಕ್ಸರಿನಿಂದ ಜಾರಿತೋ ಅವಳಿಗೆ ತಿಳಿಯಲಿಲ್ಲ. ಕ್ಯಾಸೆಟ್ಟು ಟಕ್ಕೆಂದು ನಿಂತಾಗ ಹುಡುಗಿ ದಂಡೆ ಹತ್ತಿ ತಮ್ಮನನ್ನು ತಬ್ಬಿಕೊಂಡಾಗಿತ್ತು. ಕಥೆ ಮುಗಿದಿತ್ತು.

ಕಾಕಿ ಚಹಾ ತಂದಳು. ಕ್ಯಾಸೆಟ್ಟು ಹಿಂದಕ್ಕೆ ಸುತ್ತಿ, ಹೆಡ್‌ಫೋನನ್ನು ನಡುವೆ ಹಿಡಿದು, ಮೂವರೂ ತಲೆ ಕೂಡಿಸಿ ಕುಳಿತು ಕೇಳಿದರು.

ಮೊದಲು ಅಂಬಿಗ ಬಂದ. ಅವನ ಹಿಂದೆ ನೀಲಾಳ ಹೂಂಗಳು, ಅಜ್ಜಿಗಿಂತ ಗಟ್ಟಿಯಾಗಿ. ಕೊನೆಯ ಭಾಗಕ್ಕೆಲ್ಲ ಕಣಜದ ಗೂಡು. ಆದರೆ ಎರಡನೆಯ ಸಿಳ್ಳು ಇತ್ತು. ನೀಲಾ ಕಣ್ಣು ಮುಚ್ಚಿ ಕೇಳಿದಳು. ಇತ್ತು. ನಿಟ್ಟುಸಿರು ಬಿಟ್ಟು ಕಣ್ಣು ತೆರೆದರೆ, ಅಜ್ಜಿ ಮುಖ ಗಂಟು ಹಾಕಿಕೊಂಡಿದ್ದಳು.

“ಯಾರೀಕಿ?”

“ನೀನ ಆಯಿ!”

“ನಾ ಹಿಂಗ ಒದರ್ತೀನೇನ? ಇರಲಿ ಬಿಡು. ಆದ್ರ ಈಕಿ ತಪ್ಪು ಹೇಳಾಕತ್ತಾಳ. ರೊಟ್ಟಿ ಬಡದ ಮ್ಯಾಲ ಅತ್ತಿ ನೆಳ್ಳು ತೊಳಿಯಾಕ ಹಚ್ಚತಾಳ. ಹೊಳ್ಯಾಗ ಬಿದ್ದ ಮುಗಿಲಿನ ನೆಳ್ಳು. ಅದನ್ನ ಬಿಟ್ಟಾಳ ನೋಡು. ಅದಿಲ್ಲದ ಹುಡುಗಿ ಹೆಂಗ ದಂಡೀಗೆ ಬಂದ್ಲು? ಅಳಿಸಿಬಿಡು. ಮತ್ತ ಹೇಳ್ತೀನಿ, ಖರೇದ್ದು.”

“ಮತ್ತೊಮ್ಮೆನಾ? ಆಯಿ, ಬಸ್ಸು…”

“ತಪ್ಪು ಕಥಿ ಮನ್ಯಾಗ ಇಡಬಾರದು. ಅಳಿಸು.” ಅಜ್ಜಿಯ ದನಿಯಲ್ಲಿ ಈಗ ಆಟವಿರಲಿಲ್ಲ. “ನಾ ಸತ್ತ ಮ್ಯಾಲ ಮಂದಿ ಇದನ್ನ ಕೇಳಿ, ಶಿವಬಸವ್ವಗ ಕಥಿ ಬರತಿದ್ದಿಲ್ಲ ಅನ್ಬೇಕೇನ?”

ನೀಲಾ ಗಡಿಯಾರ ನೋಡಿದಳು. ಇನ್ನೊಂದು ಸಲ ಇಡೀ ಕಥೆ ಎಂದರೆ ಬಸ್ಸು ತಪ್ಪಿತು. ಅರ್ಧ ಅಳಿಸಿದ ಮೇಲೆ ಕರೆಪ್ಪ ಗಿರಣಿ ಹಚ್ಚಿದರೆ? ಕರೆಂಟು ಹೋದರೆ? ಮತ್ತೆ ಹೇಳುವಾಗ ಸಿಳ್ಳು ಹಾಗೇ ಬಾಗುತ್ತದೆಂದು ಯಾರು ಕಂಡರು? ಅಜ್ಜಿ ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

ನೀಲಾ ಕ್ಯಾಸೆಟ್ಟನ್ನು ಹೊರಗೆ ತೆಗೆದಳು. ಅದರ ಬೆನ್ನಿಗೆ ಎರಡು ಪುಟ್ಟ ಪ್ಲಾಸ್ಟಿಕ್ ಮುಚ್ಚಳಗಳಿದ್ದವು. ಅವನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಡೆಕ್ಕು ಮತ್ತೆ ಏನನ್ನೂ ತುಂಬಲಾರದು. ಮುಡಿಯಿಂದ ಪಿನ್ನು ಕಿತ್ತು, ಒಂದನ್ನು ಮೀಟಿದಳು. ಚಟ್. ಇನ್ನೊಂದನ್ನು ಮೀಟಿದಳು.

“ಏನದು ಸಪ್ಪಳ?”

“ಇನ್ನು ಇದನ್ನ ಅಳಿಸಾಕ ಬರೂದಿಲ್ಲ ಆಯಿ.”

ಅಜ್ಜಿ ಚಹಾದ ಬಶಿಯನ್ನು ದೂರ ಸರಿಸಿದಳು. ಬಸ್‌ಸ್ಟ್ಯಾಂಡಿನವರೆಗೂ, ಬಸ್ಸು ಹತ್ತಿ ಕುಳಿತ ಮೇಲೂ, ಮೊಮ್ಮಗಳ ಕಡೆ ತಿರುಗಲಿಲ್ಲ. ನಾಳಿನ ದವಾಖಾನೆಗೆಂದು ಅವಳೂ ಹಿಂದವಾಡಿಗೆ ಹೊರಟಿದ್ದಳು. ತೊಡೆಯ ಮೇಲೆ ಬಟ್ಟೆಯ ಗಂಟು. ಪಕ್ಕದಲ್ಲಿ ನೀಲಾಳ ತೊಡೆಯ ಮೇಲೆ ಚಾದರದ ಗಂಟು, ಅದರೊಳಗೆ ಕರೆಂಟಿಲ್ಲದೆ ಸತ್ತು ಬಿದ್ದ ಯಂತ್ರಗಳು. ತಪ್ಪು ಮಾಡಿದೆನೋ, ಮಾಡಲಿಲ್ಲವೋ. ನೀಲಾಳಿಗೆ ಬಗೆಹರಿಯಲಿಲ್ಲ.

ದಾರಿಯಲ್ಲಿ ದೇಸೂರು ಹತ್ತಿರವಾದಾಗ ಅಜ್ಜಿ ಕಿಟಕಿಯ ಕಡೆಯಿಂದ ತಿರುಗಿದಳು. “ರೊಟ್ಟಿ ಬಡದ ಮ್ಯಾಲ,” ಎಂದಳು, ಯಾರಿಗೋ ಬಾಕಿ ತೀರಿಸುವವಳಂತೆ, “ಆಮಿ ಅತ್ತಿ ಅಂದ್ಲು, ಮುಗಿಲಿನ ನೆಳ್ಳು ಹೊಲಸಾಗೈತಿ, ತೊಳದು ಒಣಹಾಕು.”

“ಹೂಂ,” ಎಂದಳು ನೀಲಾ.

“ಹೂಂ?” ಎಂದ ಮುಂದಿನ ಸೀಟಿನ ರುಮಾಲಿನವನು, ಹಿಂದಕ್ಕೆ ತಿರುಗಿ.

ಹುಡುಗಿ ಮುಗಿಲಿನ ನೆರಳನ್ನು ಮಡಿಚಿ ಬುಟ್ಟಿಗೆ ತುಂಬಿದಳು. ಎಷ್ಟು ತೊಳೆದರೂ ಸಂಜೆಯ ಕೆಂಪು ಹೋಗಲಿಲ್ಲ. ಅದು ತವರಿನಲ್ಲಿ ಅವಳ ಅವ್ವ ಹಚ್ಚಿಟ್ಟ ದೀಪದ ಕೆಂಪು ಎಂದು ತಿಳಿದು ಅಲ್ಲೇ ಕುಸಿದು ಅತ್ತಳು. ಇಂಥದ್ದನ್ನು ನೀಲಾ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕೈ ತಾನಾಗಿಯೇ ಚಾದರದ ಗಂಟಿನೊಳಗೆ ಹೋಗಿ ಮೈಕನ್ನು ಹಿಡಿಯಿತು. ಹಿಡಿದು ಏನು ಮಾಡುವುದು? ಸಿಟ್ಟೂ ಅಳುವೂ ಒಟ್ಟಿಗೇ ಬಂತು. ಅಷ್ಟರಲ್ಲಿ ಹಕ್ಕಿ ದಂಡೆಗೆ ಬಂತು. ಬಸ್ಸಿನ ಗದ್ದಲವನ್ನು ಸೀಳಿಕೊಂಡು, ಮನೆಯಲ್ಲಿ ಬಂದದ್ದಕ್ಕಿಂತ ಉದ್ದವಾಗಿ, ತುದಿಯಲ್ಲಿ ಎರಡು ಸಲ ಬಾಗಿ, ಸಿಳ್ಳು ಹೊರಟಿತು.

ಡ್ರೈವರ್ ಬ್ರೇಕು ಹಾಕಿದ. ಮಂದಿಯೆಲ್ಲ ಮುಂದಕ್ಕೆ ಮುಗ್ಗರಿಸಿದರು. ಕಂಡಕ್ಟರ್ ಕೈಯಲ್ಲಿ ತನ್ನ ಸೀಟಿ ಹಿಡಿದುಕೊಂಡೇ ಕಂಗಾಲಾಗಿ ನೋಡಿದ. “ನಾ ಹೊಡದಿಲ್ರಿ! ಯಾರ್ರೀ ಇಳಿಯವರು?”

ಯಾರೂ ಇಳಿಯಲಿಲ್ಲ. ರುಮಾಲಿನವನು ಅಜ್ಜಿಯ ಕಡೆ ಬೆರಳು ತೋರಿಸಿದ. ಕಂಡಕ್ಟರ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. “ಏನ ಆಯಿ, ಈ ವಯಸ್ಸಿನ್ಯಾಗ ಸಿಳ್ಳು ಹೊಡೀತಿ? ಇನ್ನೊಮ್ಮೆ ಹೊಡದ್ರ ಇಲ್ಲೇ ಇಳಸ್ತೀನಿ ನೋಡು.”

“ಇನ್ನೂ ಎರಡು ಸಲ ಹೊಡಿಯೂದೈತಿ ತಮ್ಮಾ, ಕಥಿ ಹಂಗೈತಿ,” ಎಂದಳು ಶಿವಬಸವ್ವ. “ಡ್ರೈವರಗ ಮೊದಲ ಹೇಳಿಟ್ಟುಬಿಡು.” ಆಮೇಲೆ ಮೊಮ್ಮಗಳ ಕಡೆ ತಿರುಗಿ ಕಾದಳು.

“ಹೂಂ,” ಎಂದಳು ನೀಲಾ.